ಮೂರನೇ ರೊಪ್ಪದ ಕುರಿ

"ಇದೂ ಹೋಯ್ತು ಸಾರ್," ಎಂದರು ಏಕನಾಥಮ್ಮ.

ಹೊಳಲ್ಕೆರೆಯ ಸಬ್ ಇನ್‌ಸ್ಪೆಕ್ಟರ್ ಚಿತ್ರಲಿಂಗಪ್ಪ ತಲೆಯ ಮೇಲಿನ ಟೋಪಿ ಕಿತ್ತು ಬೇಲಿಯ ಗೂಟಕ್ಕೆ ಕುಕ್ಕಿದ. ಬೆಳಗಿನ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಕುರಿರೊಪ್ಪದ ಮುಂದೆ ಗೋಣಿಚೀಲ ಹಾಸಿ, ಸತ್ತ ಕುರಿಯನ್ನು ಅದರ ಮೇಲೆ ಅಂಗಾತ ಮಲಗಿಸಿ, ಚಿತ್ರದುರ್ಗದ ಕಾಲೇಜಿನ ವಿಜ್ಞಾನದ ಮೇಷ್ಟ್ರಮ್ಮ ಏಕನಾಥಮ್ಮ ಹೊಟ್ಟೆ ಸೀಳಿದ್ದರು. ಹೊರಗೆ ತೆಗೆದಿಟ್ಟ ಮೂತ್ರಪಿಂಡಗಳು ಬಿಳಿಚಿಕೊಂಡು ಊದಿದ್ದವು.

"ಯಾವ ರೊಪ್ಪದ್ದು ಇದು?"

"ಮೂರನೇದು."

"ಮೂರನೇದಾ! ಅದಕ್ಕೆ ಸೀಸದ ಬೂದಿನೇ ಹಾಕಿಲ್ವಲ್ರೀ ಮೇಡಂ!"

"ಹಾಕಿಲ್ಲ. ಆರೋಗ್ಯವಾಗಿದ್ದ ಕುರಿ. ಪಂಡಿತರ ಕಷಾಯ ಒಂದನ್ನೇ ಕುಡಿಸಿದ್ದು." ಏಕನಾಥಮ್ಮ ಮೂತ್ರಪಿಂಡವನ್ನು ಸೀಸೆಗೆ ಹಾಕಿ ಬಿರಡೆ ಒತ್ತಿದರು. "ಇನ್ನು ನಾನು ಹೇಳೋದೇನಿದೆ? ಕುರೀನೇ ಹೇಳ್ತಿದೆಯಲ್ಲ."

ಚಿತ್ರಲಿಂಗಪ್ಪನಿಗೆ ಮೈ ಪರಚಿಕೊಳ್ಳುವಂತಾಯಿತು. ಈ ಕೇಸು ಕೈಗೆ ಬಂದಾಗಿನಿಂದ ಹಿಡಿದದ್ದೆಲ್ಲ ಹೀಗೇ ಜಾರುತ್ತಿತ್ತು.

ನಡೆದದ್ದು ಇಷ್ಟು. ಈ ಹಟ್ಟಿಯ ನಿಂಗಪ್ಪ ಭೀಮಸಮುದ್ರದ ದಾರಿಯಲ್ಲಿರುವ ಸಾಹುಕಾರ ಅಜ್ಜಪ್ಪನ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ. ಸೀಸ ಮೈಗೇರಿತು. ಪಂಡಿತ ದೊಡ್ಡತಿಮ್ಮಪ್ಪನ ಗಿಡಮೂಲಿಕೆ ಕಷಾಯ ಹಿಡಿದ, ಕುಡಿಯುತ್ತ ಕುಡಿಯುತ್ತಲೇ ಸತ್ತ. ಶೆಡ್ಡಿನಲ್ಲೇ ದುಡಿದು, ಅದೇ ಕಷಾಯ ಕುಡಿದ ಅವನ ಹೆಂಡತಿ ಓಬವ್ವ ಈಗ ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದಳು. ಪಂಡಿತ ಹೊಳಲ್ಕೆರೆ ಲಾಕಪ್ಪಿನಲ್ಲಿದ್ದ.

ಕೊಂದದ್ದು ಶೆಡ್ಡಿನ ಹೊಗೆಯೋ, ಪಂಡಿತನ ಮದ್ದೋ? ಅದನ್ನು ತೀರ್ಮಾನಿಸುವುದಕ್ಕೇ ಕುರಿಗಳ ಪರೀಕ್ಷೆ. ತಾವಾಗಿಯೇ ಮುಂದೆ ಬಂದು ಮಾಡಿಕೊಡುತ್ತೇನೆ ಎಂದವರು ಏಕನಾಥಮ್ಮ. ಒಂದನೇ ರೊಪ್ಪದ ಕುರಿಗಳಿಗೆ ಮೇವಿನ ಜೊತೆ ಶೆಡ್ಡಿನ ಸೀಸದ ಬೂದಿ. ಎರಡನೇ ರೊಪ್ಪಕ್ಕೆ ಬೂದಿ, ಮೇಲೆ ಕಷಾಯ. ಮೂರನೆಯದಕ್ಕೆ ಬರೀ ಕಷಾಯ. ಮದ್ದು ನಿಜವಾಗಿ ಮದ್ದೇ ಆಗಿದ್ದರೆ ಎರಡನೇ ರೊಪ್ಪ ಉಳಿಯಬೇಕಿತ್ತು. ಆದದ್ದೇನು? ಎರಡನೆಯದೇ ಮೊದಲು ಖಾಲಿಯಾಯಿತು. ಈಗ ಮೂರನೆಯದು ಮಲಗತೊಡಗಿದೆ. ಬೂದಿ ತಿಂದ ಒಂದನೇ ರೊಪ್ಪದ ಕುರಿಗಳು ಸೊರಗಿದ್ದರೂ ಇನ್ನೂ ಕಾಲ ಮೇಲೆ ನಿಂತಿದ್ದವು.

"ನಾಳೆ ಬೆಳಿಗ್ಗೆ ಕೋರ್ಟಿಗೆ ಚಾರ್ಜ್‌ಶೀಟ್ ಹೋಗ್ಬೇಕು ಅಂತ ನಮ್ಮ ದೊಡ್ಡ ಸಾಹೇಬ್ರು ಕೂತಿದಾರೆ," ಎಂದ ಚಿತ್ರಲಿಂಗಪ್ಪ. "ಎಮರ್ಜೆನ್ಸಿ ಕಾಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತಾರೆ. ನಾನೂ ಕಟ್ಬೇಕು."

"ಕಟ್ಟಿಬಿಡಿ. ನಿಮಗ್ಯಾಕೆ ಆ ಪಂಡಿತರ ಮೇಲೆ ಅಷ್ಟು ಮಮತೆ?"

"ಮಮತೆ ಅಲ್ರೀ. ಹೋದ ವರ್ಷ ಕಾಮಾಲೆ ಆದಾಗ ನಾನೇ ಆ ಕಷಾಯ ಕುಡಿದೋನು. ಅವರ ಜಗಲಿ ಮೇಲೇ ಕೂತು ಗಟಗಟ ಕುಡಿದಿದೀನಿ. ನಾನ್ಯಾಕೆ ಸಾಯ್ಲಿಲ್ಲ? ಹೇಳಿ ನೋಡೋಣ!"

ಏಕನಾಥಮ್ಮ ಸೀಸೆಗೆ ಚೀಟಿ ಅಂಟಿಸತೊಡಗಿದರು. ಅವರಿಗೂ ಪಂಡಿತನಿಗೂ ಈ ಕೇಸಿಗಿಂತ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾವ ಎಲೆ, ಯಾವ ಬೇರು ಎಂದು ಎಷ್ಟು ಕೇಳಿದರೂ ಮುದುಕ ಬಾಯಿ ಬಿಟ್ಟಿರಲಿಲ್ಲ. "ಗುರು ಹೇಳಿದ್ದು, ಶಿಷ್ಯನಿಗೆ ಮಾತ್ರ" ಎಂದು ಬಾಗಿಲು ಹಾಕಿಕೊಂಡಿದ್ದನಂತೆ. ಏಕನಾಥಮ್ಮ ಹಿರಿಯೂರಿನ ಕಡೆಯ ಹೆಣ್ಣುಮಗಳು, ಛಲ ಜಾಸ್ತಿ. ಅಂದಿನಿಂದ ಅವರ ಮುಖ ಗಂಟು.

ಚಿತ್ರಲಿಂಗಪ್ಪನ ಎದೆಯಲ್ಲಿ ಕುಂತಿದ್ದದ್ದು ಪಂಡಿತನೊಬ್ಬನೇ ಅಲ್ಲ. ನಿನ್ನೆ ಆಸ್ಪತ್ರೆಯ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಓಬವ್ವ ಶೆಡ್ಡು ಬಿಟ್ಟು ಬಹಳ ದಿನವಾಯಿತು, ಕಷಾಯವನ್ನೂ ನಿಲ್ಲಿಸಿಯಾಯಿತು, ಆದರೂ ಸೀಸ ಏರುತ್ತಲೇ ಇದೆ. ಎಲ್ಲಿಂದಲೋ ಇನ್ನೂ ಒಳಗೆ ಹೋಗುತ್ತಿದೆ. ಎಲ್ಲಿಂದ ಅಂತ ಹುಡುಕಿಕೊಡಿ, ಇಲ್ಲದಿದ್ದರೆ ಆಕೆಯ ಆಸೆ ಬಿಡಿ.

ಎಲ್ಲಿಂದ ಹುಡುಕುವುದು? ಎಲೆ, ಬೇರು, ಬಾವಿಯ ನೀರು ಎಲ್ಲವನ್ನೂ ಬೆಂಗಳೂರಿಗೆ ಕಳಿಸಿದ್ದ. ಎಲ್ಲ ಶುದ್ಧ ಎಂದು ಉತ್ತರ ಬಂದಿತ್ತು. ಇಲ್ಲಿ ಕುದಿಸಿದ ಕಷಾಯದಲ್ಲಿ ಮಾತ್ರ ಸೀಸ! ಹಾಗಾದರೆ ಯಾರೋ ಬೆರೆಸುತ್ತಿದ್ದಾರೆ. ದಿನಾ ಕುದಿಸುತ್ತಿದ್ದವನು ಒಬ್ಬನೇ.

"ಏ ಪಾಲಣ್ಣ! ಬಾರಯ್ಯ ಇಲ್ಲಿ."

ಪಾಲಣ್ಣ ಓಬವ್ವನ ಅಣ್ಣ. ಕುರಿಗಳೂ ಅವನವೇ. ಭುಜದ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತ ಬಂದು ನಿಂತ. ಸತ್ತ ಕುರಿಯ ಕಡೆ ನೋಡಲಿಲ್ಲ.

"ಕಷಾಯಕ್ಕೆ ಏನು ಬೆರೆಸ್ತಿದೀಯ?"

"ನಾನಾ? ನಾನೇನ್ ಬೆರೆಸಲಿ ಸ್ವಾಮಿ?"

"ಅಜ್ಜಪ್ಪ ಸಾಹುಕಾರ ಎಷ್ಟು ಕೊಟ್ಟ?"

ಪಾಲಣ್ಣನ ಮೀಸೆ ಅದುರಿತು. "ನೋಡ್ರಿ ಸ್ವಾಮಿ, ಸಾಯ್ತಾ ಇರೋವು ನನ್ ಕುರಿ. ಆಸ್ಪತ್ರೇಲಿ ಬಿದ್ದಿರೋಳು ನನ್ ತಂಗಿ. ನಾನೇ ವಿಷ ಹಾಕ್ತೀನಾ? ಇಂಥ ಮಾತು ಆಡಾಕೆ ನಿಮಗೆ ಬಾಯಾದ್ರೂ ಹೆಂಗ್ ಬರ್ತೈತೆ?"

ಚಿತ್ರಲಿಂಗಪ್ಪ ನಾಲಿಗೆ ಕಚ್ಚಿಕೊಂಡ. ಸೋತವನಿಗೆ ಸಿಟ್ಟು ಜಾಸ್ತಿ ಅಂತಾರಲ್ಲ, ಅವನ ಕತೆಯೂ ಅದೇ ಆಗಿತ್ತು.

"ಆಯ್ತು, ಬೇಜಾರಾಗ್ಬೇಡ. ಕಷಾಯ ಹೆಂಗೆ ಮಾಡ್ತೀಯ, ಮೊದಲಿಂದ ತೋರಿಸು. ಒಂದು ಚೂರೂ ಬಿಡಬಾರದು."

ಪಾಲಣ್ಣ ಗುಡಿಸಲೊಳಗಿಂದ ದೊಡ್ಡದೊಂದು ಹಿತ್ತಾಳೆ ತಪ್ಪಲೆ ಹೊತ್ತು ತಂದ. ಬಾವಿಯ ನೀರು ಹಾಕಿ ತೊಳೆದ. ಮೂರು ಕಲ್ಲಿನ ಒಲೆಯ ಮೇಲಿಟ್ಟು ತೋರಿಸಿದ. ನೀರು, ಎಲೆ, ಬೇರು, ಕುದಿ ಬಂದಮೇಲೆ ಹಿಡಿ ಹುಣಸೆ ಚಿಗುರು, ಜಜ್ಜಿದ ನೆಲ್ಲಿಕಾಯಿ. ರಾತ್ರಿಯೆಲ್ಲ ಅದರಲ್ಲೇ ಬಿಟ್ಟು ಬೆಳಿಗ್ಗೆ ಸೋಸಿ ಕುಡಿಸುವುದು.

"ತಪ್ಪಲೆ ಯಾರದು?"

"ಓಬವ್ವನ ಮನೇದೇ. ನಿಂಗಪ್ಪ ಭಾವಂಗೆ ಮದ್ದು ಕಾಯಿಸಿದ್ದೂ ಇದರಾಗೇ. ಮೀಸಲು ತಪ್ಪಲೆ."

"ಮೀಸಲು ಅಂದ್ರೆ?"

ಪಾಲಣ್ಣ ಅವನನ್ನು ಒಂಥರಾ ನೋಡಿದ. "ಮೀಸಲು ಅಂದ್ರೆ ಮೀಸಲು. ಮದ್ದು ಅಂದ್ರೆ ನಮಗೆ ದೇವರಿದ್ದಂಗೆ ಸ್ವಾಮಿ. ಅನ್ನ ಸಾರು ಬೇಯಿಸಿದ ಎಂಜಲು ಪಾತ್ರೇಲಿ ಕಾಯಿಸಿದ್ರೆ ಕೆಲಸ ಮಾಡಲ್ಲ. ಅದಕ್ಕೇ ಒಂದು ಪಾತ್ರೆ ಬ್ಯಾರೆ ಎತ್ತಿಟ್ಟು, ಹೊಸದಾಗಿ ಕಲಾಯಿ ಹಾಕ್ಸಿ, ಆಮ್ಯಾಕೆ ಮದ್ದು ಸುರು ಮಾಡೋದು."

"ಹೊಸ ಕಲಾಯಿ!" ಚಿತ್ರಲಿಂಗಪ್ಪ ಕೂಗಿಯೇಬಿಟ್ಟ. "ಇಷ್ಟು ದಿನ ಇದನ್ನ ಯಾಕಯ್ಯ ಹೇಳಲಿಲ್ಲ?"

"ಅದನ್ನೇನ್ ಹೇಳೋದು ಸ್ವಾಮಿ? ಯಾರಾದ್ರೂ ಕಲಾಯಿ ಇಲ್ದೆ ಮೀಸಲಿಗೆ ಇಡ್ತಾರಾ?"

ಚಿತ್ರಲಿಂಗಪ್ಪ ಮಂಡಿಯೂರಿ ತಪ್ಪಲೆಯೊಳಗೆ ಇಣುಕಿದ. ಅವನ ತಾಯಿ ಮನೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದದ್ದು ಅವನಿಗೆ ನೆನಪಿತ್ತು. ತವರದ ಕಲಾಯಿ ಬೆಳ್ಳಿಯ ಹಾಗೆ ಬೆಳ್ಳಗಿರಬೇಕು. ಇದು ಮಂಕಾಗಿ, ನೀಲಿಗೆ ತಿರುಗಿದ ಬೂದುಬಣ್ಣದಲ್ಲಿತ್ತು. ಕರವಸ್ತ್ರ ತೆಗೆದು ಒಳಮೈಯನ್ನು ಗಸಗಸ ಉಜ್ಜಿದ. ಬಟ್ಟೆ ಕಪ್ಪಾಯಿತು. ಬೆರಳಿಂದ ಉಜ್ಜಿದ. ಬೆರಳೂ ಕಪ್ಪಾಯಿತು.

ಪಂಡಿತನ ಜಗಲಿಯ ಮೇಲೆ ಅವನು ಕುಡಿದ ಕಷಾಯ ಮಣ್ಣಿನ ಮಡಕೆಯದು.

"ಮೇಡಂ! ಇಲ್ಲಿ ಬನ್ನಿ. ಸೀಸ ಮದ್ದಿನಲ್ಲಿಲ್ಲ, ಪಾತ್ರೇಲಿದೆ! ತವರದ ಬದಲು ಯಾವನೋ ಸೀಸ ಬಳಿದಿದಾನೆ. ಇಂಥ ಹುಳಿ ರಾತ್ರಿಯೆಲ್ಲ ಅದರಲ್ಲೇ ಕೂತ್ರೆ ಏನಾಗುತ್ತೆ?"

ಏಕನಾಥಮ್ಮ ಬಂದು ನೋಡಿದರು. ತಪ್ಪಲೆಯನ್ನು ಬೆಳಕಿಗೆ ತಿರುಗಿಸಿದರು. ಮುಖ ಸಪ್ಪಗಾಗಿತ್ತು.

"ಕರಗುತ್ತೆ," ಎಂದರು. "ಛೆ. ಎಲ್ಲ ಪರೀಕ್ಷೆ ಮಾಡಿದೆ, ಪಾತ್ರೆ ಒಂದು ಹೊಳೀಲೇ ಇಲ್ಲ ನನಗೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ! ಓದಿದವರೂ ಹೀಗೆ, ಓದದವರೂ ಹೀಗೆ, ನಡುವೆ ತಾನೂ ಹೀಗೆ ಎಂದು ಚಿತ್ರಲಿಂಗಪ್ಪ ತಲೆ ಚಚ್ಚಿಕೊಂಡ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದು ತಟ್ಟನೆ ತಿರುಗಿದ.

"ಪಾಲಣ್ಣ, ಓಬವ್ವನಿಗೆ ಆಸ್ಪತ್ರೆಗೆ ಊಟ ಯಾತರಲ್ಲಿ ಹೋಗುತ್ತೆ?"

"ಊಟ ಎಲ್ಲಿ ಸೇರ್ತೈತೆ ಆಯಮ್ಮಂಗೆ? ಹುಳಿ ಮಜ್ಜಿಗೆ ಅಂಬಲಿ. ತಂಬಿಗೇಲಿ ಕಳಸ್ತೀವಿ."

"ಆ ತಂಬಿಗೆಗೆ ಕಲಾಯಿ?"

"ತಪ್ಪಲೆ ಜತೀಗೇ ಹಾಕ್ಸಿದ್ದು," ಎಂದ ಪಾಲಣ್ಣ. ಎಂದವನೇ ಬಾಯಿ ತೆರೆದುಕೊಂಡು ನಿಂತ.

ಆಮೇಲೆ ಎಲ್ಲ ಅವಸರ. ಪಂಚನಾಮೆ ಬರೆಸುವುದಕ್ಕೂ ಪುರುಸೊತ್ತಿಲ್ಲ. ಜೀಪು ಒಂದೇ, ಹೋಗಬೇಕಾದದ್ದು ಎರಡು ದಿಕ್ಕಿಗೆ. ಪಾಲಣ್ಣ ದುರ್ಗದ ಬಸ್ಸು ಹಿಡಿದು ಮೊದಲು ಆ ತಂಬಿಗೆಯನ್ನು ಓಬವ್ವನಿಂದ ದೂರ ಮಾಡುವುದು ಎಂದಾಯಿತು.

"ನಾನೂ ಅದೇ ಬಸ್ಸಿಗೆ ಹೋಗ್ತೀನಿ," ಎಂದರು ಏಕನಾಥಮ್ಮ. "ತಪ್ಪಲೆ, ತಂಬಿಗೆ ಎರಡೂ ನನಗೆ ಕೊಡಿ. ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಸಂಜೆಯೊಳಗೆ ಬರೆದು ಕೊಡ್ತೀನಿ. ನಿಮ್ಮ ಬೆರಳು ಕಪ್ಪಾಯ್ತು ಅಂದ್ರೆ ಕೋರ್ಟು ನಂಬಲ್ಲ ಸಾರ್."

ಅದು ಸರಿಯಾದ ಮಾತು. ಚಿತ್ರಲಿಂಗಪ್ಪ ತಾನೇ ತಪ್ಪಲೆಯನ್ನು ಗೋಣಿಯಲ್ಲಿ ಸುತ್ತಿ ಕಟ್ಟಿಕೊಟ್ಟ. ಪಾಲಣ್ಣನಿಗೆ, "ಮೇಡಂ ಹೇಳಿದಂಗೆ ಕೇಳು" ಎಂದು ಎರಡೆರಡು ಸಲ ಹೇಳಿದ.

ಕಲಾಯಿ ಹಾಕಿದವನು ಬುಡೇನ್ ಸಾಬ್. ಆ ವಾರ ಅವನ ಬಿಡಾರ ಹೊಸದುರ್ಗದಲ್ಲಿ ಎಂದು ತಿಳಿಯಿತು. ಜೀಪಿನ ಹೊಟ್ಟೆಯಲ್ಲಿ ಏನಿತ್ತೋ, ದಾರಿಯುದ್ದಕ್ಕೂ ಕೆಮ್ಮಿ ಕೆಮ್ಮಿ ನಿಂತಿತು. ಚಿತ್ರಲಿಂಗಪ್ಪ ಒಮ್ಮೆ ಇಳಿದು ಅದರ ಚಕ್ರಕ್ಕೆ ಒದ್ದ. ಕಾಲು ನೊಂದದ್ದಷ್ಟೇ ಲಾಭ.

ಸಂತೆಮಾಳದ ಬೇವಿನ ಮರದ ಕೆಳಗೆ ಬುಡೇನ್ ಸಾಬ್ ತಿದಿ ಒತ್ತುತ್ತ ಕುಳಿತಿದ್ದ. ಕೆಂಪಗೆ ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದಾಗ ಬಿಳಿ ಹೊಗೆ ಭುಗ್ಗನೆ ಎದ್ದಿತು. ಪೊಲೀಸು ಕಂಡರೂ ಅವನು ಏಳಲಿಲ್ಲ.

"ನಿಂಗಪ್ಪನ ತಪ್ಪಲೆಗೆ ಏನು ಬಳಿದೆ?"

"ಕಲಾಯಿ ಸಾಹೇಬ್ರೆ. ಇನ್ನೇನ್ ಬಳೀತೀನಿ, ಬೆಣ್ಣೇನಾ?"

"ತಮಾಷೆ ಬೇಡ. ಅದು ಸೀಸ. ಒಬ್ಬ ಸತ್ತಿದಾನೆ, ಇನ್ನೊಬ್ಬಳು ಸಾಯ್ತಿದಾಳೆ. ನಿನ್ನ ಕೈಗೆ ಕೋಳ ಬೀಳುತ್ತೆ."

ತಿದಿ ನಿಂತಿತು. ಬುಡೇನ್ ಸಾಬ್ ಇಕ್ಕಳವನ್ನು ಕೆಂಡದಿಂದ ತೆಗೆದು ಪಕ್ಕಕ್ಕಿಟ್ಟ.

"ನಮ್ಮಪ್ಪನ ಕಾಲದಿಂದ ಈ ಸೀಮೆ ಮದುವೆ ಪಾತ್ರೆ ಎಲ್ಲಾ ನಮ್ ಕೈಯಾಗೆ ಬೆಳಗಿದಾವೆ. ಒಬ್ರಿಗಾದ್ರೂ ಹೊಟ್ಟೆ ನೋವು ಬಂದೈತಾ, ಕೇಳ್ರಿ."

"ಹಂಗಾದ್ರೆ ಆ ಸೀಸ ಆಕಾಶದಿಂದ ಉದುರಿತಾ?"

"ಅದು ನನ್ ತವರ ಅಲ್ಲ!"

"ಎಲ್ಲಾ ಕಳ್ಳರೂ ಇದನ್ನೇ ಹೇಳೋದು. ತವರ ದುಬಾರಿ, ಸೀಸ ಅಗ್ಗ. ಅಜ್ಜಪ್ಪನ ಶೆಡ್ಡಿಂದ ತಂದು ಬೆರೆಸಿ ಬಳಿದೆ. ಒಪ್ಕೋ."

"ಬೆರೆಸ್ತೀನಿ," ಎಂದ ಬುಡೇನ್ ಸಾಬ್ ತಟ್ಟನೆ. "ಹಾಲಿಗೆ ನೀರು ಬೆರೆಸದ ಗೌಳಿ ಯಾರವ್ನೆ? ಚಿಟಿಕೆ ಬೆರೆಸ್ತೀನಿ, ಖುದಾನ ಮುಂದೆ ಅದಕ್ಕೆ ಜವಾಬು ಕೊಡ್ತೀನಿ. ಆದ್ರೆ ಆ ತಪ್ಪಲೆಗೆ ನನ್ ತವರ ಒಂದು ಗುಂಜಿನೂ ಬಿದ್ದಿಲ್ಲ. ನಿನ್ ತವರ ಬ್ಯಾಡ, ಊರೋರ ಎಂಜಲು ಪಾತ್ರೆಗೆಲ್ಲಾ ತಾಗಿರ್ತೈತೆ, ಇದು ಮೀಸಲು ಅಂತ ಆಯಮ್ಮನೇ ತನ್ ತವರದ ಕಡ್ಡಿ ತಂದಿದ್ಲು. ಸೆರಗಿನಾಗೆ ಸುತ್ಕಂಡು. ಕರಗಿಸಿದ್ರೆ ಬೆಣ್ಣೆ ಹಂಗೆ ಕರಗ್ತು. ಇದು ಸರಿ ಇಲ್ಲ ತಾಯಿ, ಮಂಕು ಐತೆ ಅಂದೆ. ನನ್ನೇ ಬೈದ್ಲು. ನಿಂಗೆ ಕೂಲಿ ಕಮ್ಮಿ ಆಯ್ತದೆ ಅಂತ ಹಂಗಂತೀಯ ಅಂದ್ಲು."

"ಯಾವ ಆಯಮ್ಮ?"

"ಇನ್ಯಾವ ಆಯಮ್ಮ? ಓಬವ್ವ."

ಚಿತ್ರಲಿಂಗಪ್ಪ ತಿದಿಯ ಪಕ್ಕದಲ್ಲೇ ಕುಕ್ಕರಿಸಿದ. ಬೈಯುವುದಕ್ಕೆ ಎದುರಿಗೆ ಒಬ್ಬ ಬೇಕಿತ್ತು ಅವನಿಗೆ, ಅಜ್ಜಪ್ಪನಂಥ ಒಬ್ಬ ಖದೀಮ. ಸಿಕ್ಕಿದ್ದು ಯಾರು ನೋಡಿ.

ಜೀಪು ದುರ್ಗದ ಕಡೆ ತಿರುಗಿತು, ಅವನು ಲೆಕ್ಕ ಹಾಕುತ್ತ ಕುಳಿತ. ಶೆಡ್ಡಿನಲ್ಲಿ ದುಡಿಯುವವಳು, ಹೊಳೆಯುವ ಲೋಹ ಕಂಡಿದ್ದಾಳೆ, ತವರ ಅಂದುಕೊಂಡು ಎತ್ತಿಕೊಂಡು ಬಂದಿದ್ದಾಳೆ. ಗಂಡನ ಮದ್ದಿಗೆ ಒಳ್ಳೆಯದನ್ನೇ ಹಾಕಿಸಬೇಕು ಅಂತ. ಪಂಡಿತನನ್ನು ಬಿಡಿಸಬೇಕಾದರೆ ಇದನ್ನು ಅವಳ ಬಾಯಿಂದಲೇ ಹೇಳಿಸಬೇಕು. ನಿನ್ನ ಗಂಡನ ಕಷಾಯಕ್ಕೆ ವಿಷ ಸೇರಿದ್ದು ನಿನ್ನ ಕೈಯಿಂದ ಅಂತ, ಹಾಸಿಗೆ ಹಿಡಿದವಳಿಗೆ, ಹೆಂಗಯ್ಯ ಹೇಳುವುದು? ಇಂಥ ನೌಕರಿಗೆ ಬೆಂಕಿ ಹಾಕ ಎಂದುಕೊಂಡ.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಸಂಜೆಯ ಬಿಸಿಲು ಕಿಟಕಿಯಿಂದ ಇಳಿದು ಹೋಗುತ್ತಿತ್ತು. ಓಬವ್ವ ಗೋಡೆಗೊರಗಿ ಕುಳಿತಿದ್ದಳು. ಮಣಿಕಟ್ಟುಗಳು ಜೋತುಬಿದ್ದಿದ್ದವು. ನರ್ಸು ಗಾಜಿನ ಲೋಟದಲ್ಲಿ ಹಾಲು ಕುಡಿಸುತ್ತಿದ್ದಳು. ಪಕ್ಕದ ಮೇಜಿನ ಮೇಲೆ ತಂಬಿಗೆ ಇರಲಿಲ್ಲ. ಅಷ್ಟಾದರೂ ಆಯಿತಲ್ಲ ಎಂದು ಚಿತ್ರಲಿಂಗಪ್ಪ ಉಸಿರುಬಿಟ್ಟ.

"ಬರ್ರಿ ಸ್ವಾಮಿ, ಕುಂತ್ಕಳ್ರಿ," ಎಂದಳು ಓಬವ್ವ. "ನಮ್ಮಣ್ಣ ಬಂದಿದ್ದ. ಪಾತ್ರೇಲಿ ಏನೋ ಐತಂತೆ ಅಂದ. ಸಿಕ್ಕಿದ್ನಾ ಅವ್ನು?"

"ಯಾರು?"

"ನಮ್ಮನೆಯೋರಿಗೆ ವಿಷ ಹಾಕಿದೋನು. ಯಾರೇ ಆಗ್ಲಿ, ಬಿಡಬ್ಯಾಡ್ರಿ. ನಾನೇ ಕೋರ್ಟಿಗೆ ಬಂದು ಬೆಟ್ಟು ಮಾಡಿ ತೋರಿಸ್ತೀನಿ." ತೋರಿಸಲು ಕೈ ಎತ್ತಹೋದಳು. ಬೆರಳು ಮೇಲೇಳಲಿಲ್ಲ.

ಚಿತ್ರಲಿಂಗಪ್ಪ ಸ್ಟೂಲು ಎಳೆದುಕೊಂಡು ಕುಳಿತ. ಟೋಪಿಯನ್ನು ತೊಡೆಯ ಮೇಲಿಟ್ಟು ತಿರುಗಿಸಿದ. ಕಳ್ಳರ ಹತ್ತಿರ ಬಾಯಿ ಬಿಡಿಸುವುದು ಸುಲಭ. ಇಲ್ಲಿ ಅವನ ಬಾಯೇ ಒಣಗಿತ್ತು.

"ಓಬವ್ವ, ತಪ್ಪಲೆಗೆ ಕಲಾಯಿ ಹಾಕಿಸಿದಾಗ ಕಡ್ಡಿ ನೀನೇ ಕೊಟ್ಟೆಯಂತೆ?"

"ಹ್ಞೂಂ ಸ್ವಾಮಿ, ನಾನೇ." ಅವಳ ಮುಖ ಅರಳಿತು. "ಆ ಸಾಬಣ್ಣ ಎಲ್ಲಾರಿಗೂ ಕಲಬೆರಕೆ ಹಾಕ್ತಾನೆ. ನಮ್ಮನೆಯೋರ ಮದ್ದಿಗೆ ಅಂಥದ್ದು ಹಾಕಾಕಾಗ್ತದಾ? ಶುದ್ಧ ತವರನೇ ಹಾಕ್ಸಿದೆ."

"ಶೆಡ್ಡಿಂದ ತಂದೆಯಾ? ಹೆದರಬೇಡ, ಹೇಳು."

"ಅಯ್ಯೋ, ಬಿಡ್ತು ಅನ್ರಿ! ಕದ್ದ ಮಾಲು ಮೀಸಲಿಗೆ ಹಾಕ್ತಾರಾ? ಮನೆ ಬಾಗ್ಲಿಗೆ ತಂದು ಕೊಟ್ರು. ಇದು ನಮ್ಮ ಕಾಲೇಜಿಂದು, ಓಬವ್ವ, ಪೇಟೇಲಿ ಇಂಥ ತವರ ಸಿಗಲ್ಲ, ಮದ್ದಿನ ಪಾತ್ರೆಗೆ ಮಾತ್ರ ಹಾಕ್ಸು ಅಂದ್ರು. ಮದ್ದಿನ ಮೇಲೆ ಎಷ್ಟು ಕಾಳಜಿ ನೋಡ್ರಿ."

"ಯಾರು?" ಎಂದ ಚಿತ್ರಲಿಂಗಪ್ಪ. ಕೇಳುವ ಮೊದಲೇ ಅವನಿಗೆ ಗೊತ್ತಾಗಿಹೋಗಿತ್ತು.

"ಇನ್ಯಾರು, ಮೇಷ್ಟ್ರಮ್ಮ."

ಸತ್ತ ಕುರಿಗಳ ಸೀಸೆಗಳೆಲ್ಲ ಆಕೆಯ ಹತ್ತಿರ. ತಪ್ಪಲೆ ಆಕೆಯ ಹತ್ತಿರ. ತಾನೇ ಸುತ್ತಿ, ತಾನೇ ಕಟ್ಟಿ, ತಾನೇ ಕೈಗೆ ಕೊಟ್ಟು ಕಳಿಸಿದ್ದ. ಎಂಥ ಕತ್ತೆ ಕೆಲಸ! ಚಿತ್ರಲಿಂಗಪ್ಪ ಸ್ಟೂಲು ಉರುಳುವಂತೆ ಎದ್ದ. ಬಾಗಿಲಿಗೆ ಹೋಗುವಷ್ಟರಲ್ಲಿ ಪಾಲಣ್ಣ ಎದುರಾದ. ಅವನ ತೋಳಿನಲ್ಲಿ ಫಳಫಳ ಹೊಳೆಯುವ ಸ್ಟೀಲಿನ ತಪ್ಪಲೆ ಇತ್ತು, ಅದರೊಳಗೆ ಸ್ಟೀಲಿನ ತಂಬಿಗೆ.

"ನೋಡ್ರಿ ಸ್ವಾಮಿ, ಇದಕ್ಕೆ ಕಲಾಯಿನೇ ಬ್ಯಾಡಂತೆ! ಮೇಷ್ಟ್ರಮ್ಮ ಕೊಡ್ಸಿದ್ರು. ಪಾತ್ರೆ ಅಂಗಡೀಲಿ ಹಳೇವು ಹಾಕಿ, ಮ್ಯಾಲೆ ತಮ್ ಕೈಯಿಂದ ದುಡ್ಡು ಕೊಟ್ಟು."

"ಲ್ಯಾಬಿಗೆ ಹೋಗಲಿಲ್ವೇನೋ?"

"ಲ್ಯಾಬಾ? ಬಸ್ ಇಳಿದು ಆಸ್ಪತ್ರೇಲಿ ತಂಬಿಗೆ ಇಸ್ಕಂಡು ಸೀದಾ ಅಂಗಡಿಗೇ ಹೋದ್ವಿ. ಅವರು ಹೇಳಿದಂಗೆ ಕೇಳು ಅಂದಿದ್ರಲ್ಲ ನೀವು."

ಚಿತ್ರಲಿಂಗಪ್ಪ ಅವನ ಭುಜ ಹಿಡಿದ. "ಹಳೇವು ಎಲ್ಲಿ ಪಾಲಣ್ಣ? ಅಂಗಡೀಲೇ ಇದಾವಾ?"

"ಎಲ್ಲಿ ಇರ್ತಾವೆ ಸ್ವಾಮಿ? ಸುತ್ತಿಗೇಲಿ ಚಚ್ಚಿ ಮೂಟೆಗೆ ತುಂಬಿ, ಕರಗ್ಸಾಕೆ ಅಂತ ದಾವಣಗೆರೆ ಲಾರಿಗೆ ಹಾಕಿದ್ರು. ಲಾರಿ ಹೊರಡೋ ತಂಕ ಮೇಷ್ಟ್ರಮ್ಮ ಅಲ್ಲೇ ನಿಂತಿದ್ರು."